ಆಸಿಲೇಟಿಂಗ್ ಉಗಿ ಎಂಜಿನ್ 2 ಬಾರ್‌ಗೆ ಇಳಿಸಿದರೆ ನಿಂತುಬಿಡುತ್ತೆ, ದೋಷ ಎಲ್ಲಿರಬಹುದು?

ಉಗಿಬಂಡಿ_ಬೆಂ

ನಮಸ್ಕಾರ. ಒಂದೇ ಸಿಲಿಂಡರಿನ, ಸಿಂಗಲ್ ಆಕ್ಟಿಂಗ್ (ಪಿಸ್ಟನ್ನಿನ ಒಂದೇ ಕಡೆ ಒತ್ತಡ ಬೀಳುವ) ಆಸಿಲೇಟಿಂಗ್ ಎಂಜಿನ್. ಅಂದರೆ ಸಿಲಿಂಡರೇ ಪಿವಟ್ ಮೇಲೆ ಆ ಕಡೆ ಈ ಕಡೆ ವಾಲುತ್ತೆ; ಸ್ಪ್ರಿಂಗ್ ಒತ್ತಿಹಿಡಿದ ಅದರ ಚಪ್ಪಟೆ ಮುಖ (ಫೇಸ್) ಬ್ಲಾಕಿನ ಮುಖದ ಮೇಲೆ ಜಾರಿ ಗಾಳಿಯ ತೂತುಗಳನ್ನು (ಪೋರ್ಟ್) ತೆರೆದು ಮುಚ್ಚುತ್ತೆ. ಬಾಯ್ಲರ್ ಇನ್ನೂ ಇಲ್ಲ, 3 ಲೀಟರ್ ಟ್ಯಾಂಕಿನ ಏರ್‌ಬ್ರಷ್ ಕಂಪ್ರೆಸರ್‌ನಿಂದ ಗಾಳಿ ಕೊಡ್ತಿದ್ದೇನೆ. ಒತ್ತಡ 2.5 ಬಾರ್ ಇದ್ದರೆ ಓಡುತ್ತೆ, 2ಕ್ಕೆ ತಂದರೆ ನಿಲ್ಲುತ್ತೆ. ಓಡುವಾಗಲೂ ಕಂಪ್ರೆಸರ್ ಮೋಟಾರ್ ಬಿಡುವಿಲ್ಲದೆ ತಿರುಗುತ್ತಲೇ ಇರುತ್ತೆ.

ಅಳತೆಗಳು: ಬೋರ್ 12 ಮಿಮೀ, ಸ್ಟ್ರೋಕ್ 16 (ಕ್ರ್ಯಾಂಕ್ ಥ್ರೋ, ಅಂದರೆ ಶಾಫ್ಟ್ ಕೇಂದ್ರದಿಂದ ಕ್ರ್ಯಾಂಕ್ ಪಿನ್‌ಗೆ ದೂರ, 8). ಪಿವಟ್‌ನಿಂದ ಕ್ರ್ಯಾಂಕ್ ಶಾಫ್ಟ್ ಕೇಂದ್ರಕ್ಕೆ 40. ಪಿವಟ್‌ನಿಂದ ಪೋರ್ಟ್ ತೂತಿಗೆ 18. ಸಿಲಿಂಡರಿನ ತೂತು, ಬ್ಲಾಕಿನ ಎರಡು ತೂತು, ಮೂರೂ 4 ಮಿಮೀ. ಸಿಲಿಂಡರ್ 20 ಮಿಮೀ ಚೌಕ ಹಿತ್ತಾಳೆ ಸರಳು, ಪಿಸ್ಟನ್ ಕಂಚು, ಪಿವಟ್ ಎಂ4 (4 ಮಿಮೀ ಎಳೆಯ ಸ್ಕ್ರೂ). ಫ್ಲೈವೀಲ್ 60 ಮಿಮೀ ವ್ಯಾಸದ ಉಕ್ಕು, 12 ಮಿಮೀ ದಪ್ಪ. ಕೈಯಲ್ಲಿ ತಿರುಗಿಸಿದರೆ ಎಲ್ಲೂ ಹಿಡಿಯಲ್ಲ, ಆದರೆ ಬಿಟ್ಟ ತಕ್ಷಣ ನಿಲ್ಲುತ್ತೆ. ಎಲ್ಲಿಂದ ಹುಡುಕೋದು?

ಪೀಣ್ಯ_ಫಿಟ್ಟರ್

ಪೋರ್ಟ್ ತೂತು ದೊಡ್ಡದಾಗಿದೆ ಸರ್. ಲೆಕ್ಕ ಹಾಕಿ.

ಥ್ರೋ 8, ದೂರ 40. ಸಿಲಿಂಡರ್ ಒಂದು ಕಡೆಗೆ ಗರಿಷ್ಠ ವಾಲೋದು 11.5 ಡಿಗ್ರಿ. ಪೋರ್ಟ್ ಪಿವಟ್‌ನಿಂದ 18 ಮಿಮೀ ದೂರದಲ್ಲಿದೆ, ಹಾಗಾಗಿ ನಡುಗೆರೆಯಿಂದ ಒಂದು ಪಕ್ಕದ ಪೋರ್ಟ್ ಕೇಂದ್ರಕ್ಕೆ 3.62 ಮಿಮೀ. ಡೆಡ್ ಸೆಂಟರ್‌ನಲ್ಲಿ (ಪಿಸ್ಟನ್ ಹೊಡೆತದ ತುದಿ ಮುಟ್ಟಿ ವಾಪಸ್ ತಿರುಗುವ ಜಾಗ) ಸಿಲಿಂಡರಿನ ತೂತು ಎರಡರ ಮಧ್ಯೆ ಪೂರ್ತಿ ಮುಚ್ಚಿರಬೇಕು. ಎರಡೂ ಕಡೆ 4 ಮಿಮೀ ತೂತಾದರೆ ಬೇಕಾದ ಅಂತರ 4ಕ್ಕಿಂತ ಹೆಚ್ಚು, ಇರೋದು 3.62. ಅಂದರೆ ಒಳಬರುವ ಪೋರ್ಟಿಗೂ ಹೊರಹೋಗುವ ಪೋರ್ಟಿಗೂ ಒಟ್ಟಿಗೇ 0.38 ಮಿಮೀ ಬಾಯಿ ತೆರೆದಿರುತ್ತೆ. ಗಾಳಿ ಕೆಲಸ ಮಾಡದೆ ನೇರ ಆಚೆ ಹೋಗುತ್ತೆ. ಇಷ್ಟೇ.

ಬೆಳಗಾವಿ_ಬೀಡು

ಲೆಕ್ಕ ಖರೇ ಐತ್ರಿ, ಆದ್ರ ದೋಷ ಗುರುತಿಸಿದ್ದು ತಪ್ಪೈತಿ. ಆ ಬಾಯಿ ತೆರಿಯೋದು ಡೆಡ್ ಸೆಂಟರ್ ಹತ್ರ ಮಾತ್ರ. ಮ್ಯಾಲಿನ ಡೆಡ್ ಸೆಂಟರ್‌ದಾಗ ಆಕಡೆ ಈಕಡೆ 5 ಡಿಗ್ರಿ, ಕೆಳಗ 7 ಡಿಗ್ರಿ. ಉಳಿದ 330 ಡಿಗ್ರಿಗಿಂತ ಹೆಚ್ಚು ಬಂದ್ ಇರ್ತೈತಿ. ತೆರೆದಾಗ್ಲೂ ಚಂದ್ರನ ಎಳಿಯಷ್ಟ ಸಂದು. ಗಾಳಿ ಹಾಳಾಗ್ತೈತಿ, ಒಪ್ಪಿದೆ. ಆದ್ರ ಅದೊಂದಕ್ಕ 2.5 ಬಾರ್ ಬೇಕಾಗೂದಿಲ್ಲ. ಈ ಅಳತಿ ಎಂಜಿನ್ ಗಾಳಿ ಮ್ಯಾಲ ಅರ್ಧ ಬಾರ್‌ಗಿಂತ ಕಡಿಮಿಗೇ ಓಡಬೇಕು.

ಒಂದ ಪ್ರಶ್ನೆ ಹೇಳ್ರಿ: ಎಕ್ಸಾಸ್ಟ್ ತೂತಿಗೆ ಬೆರಳು ಹಿಡಿದು ಫ್ಲೈವೀಲ್ ಕೈಲೆ ನಿದಾನ ತಿರುವಿದ್ರ ಗಾಳಿ ಬಿಟ್ಟು ಬಿಟ್ಟು ಬರ್ತೈತೋ, ಒಂದೇ ಸವನ ಬರ್ತೈತೋ? ಒಂದ ಸುತ್ತಿಗೆ ಎರಡು ಸಲ ಬುಸ್ ಅಂದ್ರ ಪೋರ್ಟ್ ದೋಷ. ನಿಲ್ಲದ ಬರ್ತಿದ್ರ ಫೇಸ್ ಕುಂತಿಲ್ಲ.

ಗುಜರಿಪ್ರಿಯ

ಸ್ಪ್ರಿಂಗ್ ಯಾವುದು ಹಾಕಿದ್ದೀರಿ?

ಉಗಿಬಂಡಿ_ಬೆಂ

@ಬೆಳಗಾವಿ_ಬೀಡು ನಿಲ್ಲದೆ ಬರುತ್ತೆ. ಡೆಡ್ ಸೆಂಟರ್‌ನಲ್ಲಿ ಸ್ವಲ್ಪ ಜೋರು, ಅಷ್ಟೇ ವ್ಯತ್ಯಾಸ.

@ಗುಜರಿಪ್ರಿಯ ಬೈಕ್ ಕಾರ್ಬ್ಯುರೇಟರ್‌ನಿಂದ ತೆಗೆದ ಸ್ಪ್ರಿಂಗ್. ಸಡಿಲ ಬಿಟ್ಟರೆ ಫೇಸ್ ಪಕ್ಕದಲ್ಲೇ ಗಾಳಿ ನುಗ್ಗುತ್ತೆ, ಅದಕ್ಕೆ ನಟ್ಟು ಚೆನ್ನಾಗಿ ಬಿಗಿ ಇದೆ. ಪಿವಟ್ ತೂತು ಬೆಂಚ್ ಡ್ರಿಲ್ಲಿನಲ್ಲಿ ಕೊರೆದು, ಟ್ಯಾಪ್ (ತೂತಿನೊಳಗೆ ಎಳೆ ಕೊರೆಯುವ ಉಪಕರಣ) ಕೈಯಲ್ಲಿ ಹೊಡೆದದ್ದು.

ಬೆಳಗಾವಿ_ಬೀಡು

ಅಲ್ಲೇ ಐತಿ ನೋಡ್ರಿ. ಕೈಲೆ ಹೊಡೆದ ಎಂ4 ಟ್ಯಾಪ್ ಒಂದ ಡಿಗ್ರಿ ವಾಲೂದು ಏನೂ ದೊಡ್ಡ ಮಾತಲ್ಲ. 18 ಮಿಮೀ ದೂರದಾಗ ಒಂದು ಡಿಗ್ರಿ ಅಂದ್ರ 0.3 ಮಿಮೀ ಸಂದು. ಪಿವಟ್ ವಾರೆ ಇದ್ರ ಸ್ಪ್ರಿಂಗ್ ಎಷ್ಟ ಬಿಗಿ ಮಾಡಿದ್ರೂ ಫೇಸಿನ ಒಂದ ಅಂಚು ಒತ್ತತೈತಿ, ಇನ್ನೊಂದು ಅಂಚು ಎದ್ದು ನಿಂತಿರ್ತೈತಿ. ಸೋರಿಕಿ ಕಾಣಿಸಿದ್ರ ಜನ ಸ್ಪ್ರಿಂಗ್ ಬಿಗಿ ಮಾಡ್ತಾರ, ಆಗ ತಿಕ್ಕಾಟ ಏರತೈತಿ.

ಮತ್ತ ನಿಲ್ಲದ ಸೋರಿದ್ರ ಇನ್ನೊಂದ್ ಪೆಟ್ಟು ಐತಿ. ಪಿಸ್ಟನ್ ವಾಪಸ್ ಬರೂ ಮುಂದ ಒಳಗಿನ ಗಾಳಿ ಎಕ್ಸಾಸ್ಟಿಗೆ ಖಾಲಿ ಆಗಬೇಕು. ಫೇಸ್ ಸಂದಿಲೆ ಹೊಸ ಗಾಳಿ ಬರಾಕತ್ತಿದ್ರ ಅದು ಪಿಸ್ಟನ್ನಿಗೆ ಎದುರು ಒತ್ತತೈತಿ. ಒಂದ ಹೊಡೆತದಾಗ ಗಳಿಸಿದ್ದನ್ನ ಫ್ಲೈವೀಲ್ ಮುಂದಿನ ಹೊಡೆತದಾಗ ಕಳಕೊಂತೈತಿ.

ಪೀಣ್ಯ_ಫಿಟ್ಟರ್

ಫೇಸ್ ಸರಿಯಿಲ್ಲ ಅನ್ನೋದನ್ನ ನಾನು ಅಲ್ಲಗಳೆಯಲ್ಲ. ಆದರೆ ಪೋರ್ಟ್ ಹಾಗೇ ಬಿಟ್ಟರೆ ನಾಳೆ ಉಗಿಯಲ್ಲಿ ಓಡಿಸುವಾಗ ಬಾಯ್ಲರ್ ನೀರು ಸುಮ್ಮನೆ ಖಾಲಿ ಆಗುತ್ತೆ. ಎರಡೂ ಸರಿಮಾಡಬೇಕು. ಬಿಚ್ಚೋ ಮುಂಚೆ ಒಂದು ಲೆಕ್ಕ ನೋಡಿ, ಸೋರಿಕೆ ಎಷ್ಟಿದೆ ಅಂತ ಅದೇ ಹೇಳುತ್ತೆ.

12 ಬೋರ್, 16 ಸ್ಟ್ರೋಕ್ ಅಂದರೆ ಒಂದು ಸುತ್ತಿಗೆ 1.8 ಸಿಸಿ. ನಿಮಿಷಕ್ಕೆ 300 ಸುತ್ತು, 1 ಬಾರ್ ಒತ್ತಡ ಇಟ್ಟುಕೊಂಡರೂ ಹೊರಗಿನ ಗಾಳಿಯ ಲೆಕ್ಕದಲ್ಲಿ ನಿಮಿಷಕ್ಕೆ ಸುಮಾರು 1.1 ಲೀಟರ್. ಸಾಮಾನ್ಯ ಏರ್‌ಬ್ರಷ್ ಕಂಪ್ರೆಸರ್ 20 ಲೀಟರ್ ಆಸುಪಾಸು ಕೊಡುತ್ತೆ. ಮೋಟಾರ್ ಬಿಡುವಿಲ್ಲದೆ ತಿರುಗ್ತಿದೆ ಅಂದರೆ ಎಂಜಿನ್ ಕುಡಿಯೋದರ ಹತ್ತು ಪಟ್ಟಿಗಿಂತ ಹೆಚ್ಚು ಸೋರಿಹೋಗ್ತಿದೆ.

ಶಿವಮೊಗ್ಗ_ಟೂಲ್‌ಪೋಸ್ಟ್

ಜಗಳ ಬಿಟ್ಟು ಪರೀಕ್ಷೆ ಮಾಡಲಿ ಅವರು. ಈ ಕ್ರಮದಲ್ಲಿ ನೋಡಿ:

ಮೊದಲು ಸ್ಪ್ರಿಂಗ್ ಬಿಚ್ಚಿ, ಸಿಲಿಂಡರನ್ನು ಪಿವಟ್ ಮೇಲೆ ಬೆರಳಲ್ಲಿ ಮೆಲ್ಲಗೆ ಒತ್ತಿಹಿಡಿದು ಬ್ಲಾಕಿನ ಎದುರು ಬೆಳಕಿಗೆ ಹಿಡಿಯಿರಿ. ಗೆರೆ ಬೆಳಕು ಎಲ್ಲಿ ಕಂಡರೂ ಅಲ್ಲಿ ಸಂದು. ಆಮೇಲೆ ಬ್ಲಾಕ್ ಫೇಸಿಗೆ ಕಪ್ಪು ಪರ್ಮನೆಂಟ್ ಮಾರ್ಕರ್ ಬಳಿದು, ಒಣಗಿದ ಮೇಲೆ ಸಿಲಿಂಡರ್ ಕೂರಿಸಿ ಆ ಕಡೆ ಈ ಕಡೆ ವಾಲಿಸಿ. ಮಸಿ ಅಳಿಸಿದ ಜಾಗ ಮಾತ್ರ ಮುಟ್ಟುತ್ತಿದೆ ಅಂತ ಅರ್ಥ. ಪೋರ್ಟ್‌ಗಳ ಸುತ್ತ ಪೂರ್ತಿ ಉಂಗುರದಂತೆ ಅಳಿಸಿರಬೇಕು.

ಆಮೇಲೆ ಫ್ಲೈವೀಲ್ ಡೆಡ್ ಸೆಂಟರಿನಿಂದ 90 ಡಿಗ್ರಿ ಆಚೆ ಕಟ್ಟಿಹಾಕಿ 0.5 ಬಾರ್ ಕೊಡಿ. ಫೇಸಿನ ಅಂಚಿಗೆ ಸೋಪು ನೀರು. ಅಂಚಿನಲ್ಲಿ ಗುಳ್ಳೆ ಬಂದರೆ ಫೇಸ್. ರಾಡ್ ಕಡೆ ಕೆಳಗಿನಿಂದ ಬಂದರೆ ಪಿಸ್ಟನ್ ಸಡಿಲ. 12 ಮಿಮೀಗೆ 0.02ರಿಂದ 0.03 ಸಂದು ಸಾಕು, ಎಣ್ಣೆ ನಿಲ್ಲೋಕೆ ಪಿಸ್ಟನ್ ಮೇಲೆ ಎರಡು ಸಣ್ಣ ಗ್ರೂವ್ (ಸುತ್ತಲಿನ ಗೀರುಗಾಲುವೆ) ಇದ್ದರೆ ಇನ್ನೂ ಒಳ್ಳೆಯದು.

ಕೊನೆಗೆ ಸ್ಪ್ರಿಂಗ್. ಅಡುಗೆಮನೆ ಡಿಜಿಟಲ್ ತಕ್ಕಡಿ ಮೇಲೆ ನಿಲ್ಲಿಸಿ, ಎಂಜಿನ್‌ನಲ್ಲಿ ಇರುವಷ್ಟೇ ಉದ್ದಕ್ಕೆ ಒತ್ತಿ, ಎಷ್ಟು ಗ್ರಾಂ ತೋರಿಸುತ್ತೆ ನೋಡಿ ಇಲ್ಲಿ ಹಾಕಿ.

ಕರಾವಳಿ_ಟರ್ನರ್

ಮಾರ್ಕರ್ ಪರೀಕ್ಷೆಗೆ ಮೊದಲು ಎರಡೂ ಫೇಸ್ ಚಪ್ಪಟೆ ಉಂಟಾ ನೋಡಬೇಕು ಮಾರಾಯ್ರೆ, ಇಲ್ಲದಿದ್ದರೆ ತಪ್ಪು ಉತ್ತರ ಬರ್ತದೆ. ಅರ ಹಾಕಿದ ಫೇಸ್ ನಡುವೆ ಉಬ್ಬಿರುವುದೇ ಹೆಚ್ಚು. 6 ಮಿಮೀ ದಪ್ಪದ ಗಾಜಿನ ತುಂಡು ತಗೊಳ್ಳಿ, ಅದರ ಮೇಲೆ 400 ನಂಬರ್ ನೀರುಕಾಗದ ಎಣ್ಣೆ ಹಾಕಿ ಅಂಟಿಸಿ. ಎಂಟರ ಆಕಾರದಲ್ಲಿ ಉಜ್ಜಿ, ಹತ್ತು ಸುತ್ತಿಗೊಮ್ಮೆ ಕೆಲಸದ ತುಂಡನ್ನು 90 ಡಿಗ್ರಿ ತಿರುಗಿಸಿ. ಪೂರ್ತಿ ಒಂದೇ ಬಣ್ಣ ಬಂದ ಮೇಲೆ 600, ನಂತರ 1000. ಮುಗಿಸಲಿಕ್ಕೆ ಬ್ರಾಸೋ ಸಾಕು.

ವಾಲ್ವ್ ಗ್ರೈಂಡಿಂಗ್ ಪೇಸ್ಟ್ ಮಾತ್ರ ಬೇಡ. ಅದರ ಹರಳು ಹಿತ್ತಾಳೆಗೆ ಕಚ್ಚಿಕೊಂಡು ಕೂರ್ತದೆ, ತೊಳೆದರೂ ಹೋಗುವುದಿಲ್ಲ. ಎಂಜಿನ್ ಓಡಿದಷ್ಟು ದಿನ ಎದುರಿನ ಫೇಸನ್ನು ತಿನ್ನುತ್ತಾ ಇರ್ತದೆ.

ಗುಜರಿಪ್ರಿಯ

ಎಣ್ಣೆ ಅಂದ್ರೆ ಯಾವ್ದು, ಕೊಬ್ಬರಿ ಎಣ್ಣೆ ನಡೆಯುತ್ತಾ? ಲೇತ್ ಬೆಡ್ಡಿಗೂ ಅದನ್ನೇ ಹಚ್ಚೋರಿದ್ದಾರೆ.

ಕರಾವಳಿ_ಟರ್ನರ್

ಬೇಡವೇ ಬೇಡ. ಗಾಳಿಗೆ ಬಿಟ್ಟರೆ ಕಮಟಿ ಅಂಟಾಗ್ತದೆ, ಅದರಲ್ಲಿ ಹುಟ್ಟುವ ಆಮ್ಲ ಹಿತ್ತಾಳೆಯನ್ನು ಹಸಿರು ಮಾಡ್ತದೆ. ಉಜ್ಜಲಿಕ್ಕೆ ಹೊಲಿಗೆ ಯಂತ್ರದ ಎಣ್ಣೆ. ಲೇತ್ ಬೆಡ್ಡಿಗೆ 68 ಗ್ರೇಡ್ ಸ್ಲೈಡ್‌ವೇ ಎಣ್ಣೆ. ನಮ್ಮ ಕಡೆ ಜೂನ್‌ನಿಂದ ಸೆಪ್ಟೆಂಬರ್ ತನಕ ಬರಿಗೈಯಲ್ಲಿ ಮುಟ್ಟಿದ ಉಕ್ಕಿನ ಮೇಲೆ ಬೆರಳಚ್ಚು ರಾತ್ರಿ ಕಳೆಯುವುದರೊಳಗೆ ತುಕ್ಕಾಗಿ ಮೂಡ್ತದೆ. ಟ್ಯಾಪ್, ರೀಮರ್, ಮೈಕ್ರೋಮೀಟರ್ ಇಡುವ ಪೆಟ್ಟಿಗೆಗೆ ಕರ್ಪೂರದ ಬಿಲ್ಲೆ ಹಾಕಿ ಮುಚ್ಚಳ ಬಿಗಿ ಮಾಡಿ, ಖಾಲಿಯಾದಾಗ ಮತ್ತೆ ಹಾಕಿ. ಕಪಾಟಿನೊಳಗೆ 15 ವ್ಯಾಟಿನ ಹಳೇ ಬಲ್ಬ್ ಉರಿಸಿಟ್ಟರೂ ಆದೀತು. ಒಳಗೆ ಎರಡು ಡಿಗ್ರಿ ಬಿಸಿ ಇದ್ದರೆ ತೇವ ಕೂರುವುದಿಲ್ಲ.

ಲೀಡ್ಸ್_ಕನ್ನಡಿಗ

ವಿಷಯ ಬೇರೆ ಕಡೆ ಹೋಗ್ತಿದೆ, ಆದರೂ ಒಂದು ಮಾತು. ಇಂಥ ನಕ್ಷೆಗಳು ಹೆಚ್ಚಾಗಿ ಇಂಚಿನಲ್ಲಿ ಇರ್ತವೆ. ಪೋರ್ಟಿಗೆ 1/8 ಇಂಚು ಅಂತಿದ್ದರೆ ಅದು 3.175 ಮಿಮೀ, 5/32 ಅಂದರೆ 3.97. ಮೆಟ್ರಿಕ್‌ಗೆ ತರುವಾಗ ಪಿವಟ್ ದೂರ, ಥ್ರೋ, ಪೋರ್ಟ್ ದೂರ, ತೂತಿನ ವ್ಯಾಸ ನಾಲ್ಕನ್ನೂ ಒಟ್ಟಿಗೆ ಲೆಕ್ಕ ಹಾಕಬೇಕು. ಒಂದನ್ನು ಮಾತ್ರ ದುಂಡು ಸಂಖ್ಯೆ ಮಾಡಿದರೆ ಲ್ಯಾಪ್ (ಡೆಡ್ ಸೆಂಟರ್‌ನಲ್ಲಿ ಪೋರ್ಟ್ ಮುಚ್ಚಿಡುವ ಹೆಚ್ಚುವರಿ ಅಂಚು) ಹೋಗಿಬಿಡುತ್ತೆ.

ಬ್ಲಾಕಿನ ಪೋರ್ಟ್ ಗುರುತು ಹಾಕುವಾಗ ಇನ್ನೊಂದು ಎಚ್ಚರ. ಸಿಲಿಂಡರ್ ಗರಿಷ್ಠ ವಾಲೋದು ಕ್ರ್ಯಾಂಕ್ 90 ಡಿಗ್ರಿಯಲ್ಲಿ ಇದ್ದಾಗ ಅಲ್ಲ. ಪಿಸ್ಟನ್ ರಾಡ್ ಕ್ರ್ಯಾಂಕಿಗೆ ಲಂಬವಾಗಿ ನಿಂತಾಗ. ನಿಮ್ಮ ಅಳತೆಗೆ ಅದು ಮೇಲಿನ ಡೆಡ್ ಸೆಂಟರಿನಿಂದ 78.5 ಡಿಗ್ರಿ.

ದಾವಣಗೆರೆ_ಡೈ

ಇಷ್ಟೆಲ್ಲಾ ತಲೆನೋವು ಯಾಕೆ, ಸ್ಲೈಡ್ ವಾಲ್ವ್ ಎಂಜಿನ್ (ಉಗಿಗೆ ಬೇರೆಯೇ ಜಾರುವ ವಾಲ್ವ್ ಇರೋದು) ಮಾಡಿ. ಆಸಿಲೇಟಿಂಗ್ ಅನ್ನೋದು ಆಟಿಕೆ ಎಂಜಿನ್.

ಲೀಡ್ಸ್_ಕನ್ನಡಿಗ

ಆಟಿಕೆ ಅಲ್ಲ. 1858ರಲ್ಲಿ ನೀರಿಗಿಳಿದ ‘ಗ್ರೇಟ್ ಈಸ್ಟರ್ನ್’ ಹಡಗಿನ ಪ್ಯಾಡಲ್ ಚಕ್ರಗಳನ್ನು ತಿರುಗಿಸಿದ್ದು ಆಸಿಲೇಟಿಂಗ್ ಎಂಜಿನ್, ನಾಲ್ಕು ಸಿಲಿಂಡರ್, ಒಂದೊಂದರ ಬೋರ್ 74 ಇಂಚು. ಕನೆಕ್ಟಿಂಗ್ ರಾಡ್, ಕ್ರಾಸ್‌ಹೆಡ್ ಇಲ್ಲದ್ದರಿಂದ ಎತ್ತರ ಕಡಿಮೆ, ಹಡಗಿಗೆ ಹೇಳಿಮಾಡಿಸಿದ್ದು.

ಬೆಳಗಾವಿ_ಬೀಡು

ಖರೇ, ಆದ್ರ ಅವಕ್ಕ ಉಗಿ ಹೋಗೂದು ಪೊಳ್ಳು ಟ್ರನಿಯನ್ (ಸಿಲಿಂಡರ್ ತೂಗೂ ಅಚ್ಚು) ಒಳಗಿಂದ, ವಾಲ್ವ್ ಬ್ಯಾರೆ. ಇವರ ಎಂಜಿನ್‌ದಾಗ ಫೇಸೇ ವಾಲ್ವ್. ಅದಕ್ಕ ಫೇಸ್ ಚೊಕ್ಕ ಇಲ್ಲಂದ್ರ ಎಂಜಿನ್ನೇ ಇಲ್ಲ.

ಉಗಿಬಂಡಿ_ಬೆಂ

ಪರೀಕ್ಷೆ ಫಲಿತಾಂಶ:

ಎರಡೂ ಫೇಸ್ ಗಾಜಿನ ಮೇಲೆ 1000 ತನಕ ಉಜ್ಜಿದೆ, ಈಗ ಚಪ್ಪಟೆ. ಮಾರ್ಕರ್ ಅಳಿಸಿದ್ದು ಪಿವಟ್ ಕೆಳಗೆ, ಎಡಗಡೆ ಅಂಚಿನಲ್ಲಿ ಮಾತ್ರ. ಮೇಲೆ ಪೋರ್ಟ್ ಸುತ್ತ ಮಸಿ ಹಾಗೇ ಇದೆ. ಸೋಪು ಗುಳ್ಳೆ ಮೇಲಿನ ಬಲ ಅಂಚಿನಲ್ಲಿ. ಪಿಸ್ಟನ್ ಕಡೆಯಿಂದ ಗುಳ್ಳೆ ಇಲ್ಲ. ಸ್ಪ್ರಿಂಗ್ ತಕ್ಕಡಿಯಲ್ಲಿ 2.8 ಕೆಜಿ.

ಬೆಳಗಾವಿ_ಬೀಡು

ಪಿವಟ್ ವಾರೆ. ಆತು, ತೀರ್ಮಾನ.

ಶಿವಮೊಗ್ಗ_ಟೂಲ್‌ಪೋಸ್ಟ್

2.8 ಕೆಜಿ ಬಹಳ ಹೆಚ್ಚು. ಎಷ್ಟು ಬೇಕು ಅಂತ ನೋಡಿ: 2 ಬಾರ್ ಅಂದರೆ ಚದರ ಮಿಮೀಗೆ 0.2 ನ್ಯೂಟನ್. 4 ಮಿಮೀ ತೂತಿನ ವಿಸ್ತೀರ್ಣ 12.6. ಸಿಲಿಂಡರನ್ನು ಫೇಸಿನಿಂದ ಎತ್ತುವ ಬಲ 2.5 ನ್ಯೂಟನ್, ಕಾಲು ಕೆಜಿ. ಫೇಸಿನ ಮಧ್ಯೆ ಹರಡುವ ಎಣ್ಣೆ ಪದರದ ಒತ್ತಡಕ್ಕೆ ಇನ್ನೊಂದಿಷ್ಟು ಸೇರಿಸಿದರೂ 600 ಗ್ರಾಂ ಸಾಕು.

2.8 ಕೆಜಿಯಲ್ಲಿ ಏನಾಗುತ್ತೆ? ಘರ್ಷಣೆ ಗುಣಾಂಕ 0.2, ಸರಾಸರಿ 10 ಮಿಮೀ ತ್ರಿಜ್ಯದಲ್ಲಿ ಉಜ್ಜುತ್ತೆ ಅಂತ ಹಿಡಿದರೆ ಪಿವಟ್ ಮೇಲೆ 55 ನ್ಯೂಟನ್-ಮಿಮೀ. ಒಂದು ಸುತ್ತಿಗೆ ಸಿಲಿಂಡರ್ ಒಟ್ಟು 46 ಡಿಗ್ರಿ ವಾಲುತ್ತೆ. ಇದಿಷ್ಟಕ್ಕೇ ಸುಮಾರು ಕಾಲು ಬಾರ್ ಕೆಲಸ ಹೋಗುತ್ತೆ. ಸೋರಿಕೆ, ವಾಪಸ್ ಒತ್ತಡ ಇದರ ಮೇಲೆ ಬೇರೆ. ಬಾಲ್‌ಪೆನ್ ಸ್ಪ್ರಿಂಗ್ ಒಂದರೊಳಗೊಂದು ಎರಡು ಕೂರಿಸಿದರೂ ಆಗಬಹುದು, ತಕ್ಕಡಿಯಲ್ಲಿ ನೋಡಿ ಹಾಕಿ.

ಪೀಣ್ಯ_ಫಿಟ್ಟರ್

ಈಗ ಸರಿಮಾಡುವ ವಿಧಾನ. ಸಿಲಿಂಡರ್ ಬಿಸಾಡಬೇಕಿಲ್ಲ.

ಸಿಲಿಂಡರನ್ನು ಲೇತಿನ ನಾಲ್ಕು ದವಡೆ ಚಕ್ಕಿನಲ್ಲಿ ಫೇಸ್ ಹೊರಗೆ ಬರುವಂತೆ ಹಿಡಿಯಿರಿ. ದವಡೆಗೆ ತಾಮ್ರದ ತಗಡು ಕೊಡಿ, ಬೋರ್ ಅಮುಕಿಹೋಗದಷ್ಟೇ ಬಿಗಿ. ಪಿವಟ್ ತೂತಿನ ಬಾಯನ್ನು ಡಯಲ್‌ನಲ್ಲಿ ಕೇಂದ್ರಕ್ಕೆ ತನ್ನಿ. ಫೇಸನ್ನು 0.1 ಮಿಮೀ ಸವರಿ. ಚಕ್ಕಿನಿಂದ ತೆಗೆಯದೆ ಅದೇ ಹಿಡಿತದಲ್ಲಿ ತೂತು ಸರಿಮಾಡಿ, ಆಗ ತೂತು ಫೇಸಿಗೆ ಲಂಬವಾಗೇ ಇರುತ್ತೆ, ಅಳೆದು ನೋಡುವ ಕೆಲಸವೂ ಇಲ್ಲ.

ಡ್ರಿಲ್ ಬಿಟ್ಟರೆ ಹಳೇ ವಾರೆ ತೂತನ್ನೇ ಹಿಂಬಾಲಿಸುತ್ತೆ. ಅದಕ್ಕೆ ಟೇಲ್‌ಸ್ಟಾಕಿನಲ್ಲಿ 4 ಮಿಮೀ ಸ್ಲಾಟ್ ಡ್ರಿಲ್ (ತುದಿ ಚಪ್ಪಟೆ ಇರುವ ಕಟರ್) ಹಿಡಿದು ನಿಧಾನ ಒಳಗೆ ಬಿಡಿ, ಅದು ತನ್ನ ದಾರಿ ತಾನೇ ಕೊರೆಯುತ್ತೆ. ಆಮೇಲೆ 4.2 ಡ್ರಿಲ್. ಡ್ರಿಲ್ಲಿನ ಬಾಯಂಚನ್ನು ಎಣ್ಣೆಕಲ್ಲಿನಲ್ಲಿ ಸ್ವಲ್ಪ ಚಪ್ಪಟೆ ಮಾಡಿ, ಇಲ್ಲದಿದ್ದರೆ ಹಿತ್ತಾಳೆಯನ್ನು ಕಚ್ಚಿ ಎಳೆದುಕೊಂಡುಬಿಡುತ್ತೆ. ನಂತರ ಎಂ5 ಟ್ಯಾಪ್, ಅದರ ಹಿಂಭಾಗಕ್ಕೆ ಟೇಲ್‌ಸ್ಟಾಕ್ ಸೆಂಟರ್ ಕೊಟ್ಟು ಚಕ್ ಕೈಯಲ್ಲಿ ತಿರುಗಿಸಿ.

ಹೊಸ ಪಿನ್ ಮೆಟ್ಟಿಲು ಪಿನ್. ಒಂದು ತುದಿ ಎಂ5, ನಡು 4 ಮಿಮೀ ನುಣುಪು, ಇನ್ನೊಂದು ತುದಿ ಎಂ3 ನಟ್ಟಿಗೆ. ಮೂರನ್ನೂ ಒಂದೇ ಹಿಡಿತದಲ್ಲಿ ತಿರುವಿ. ಗೋಡೆ ದಪ್ಪ 4 ಮಿಮೀ ಮಾತ್ರ, ಹಾಗಾಗಿ ಟ್ಯಾಪ್ ಬೋರಿಗೆ ತೂರಿಹೋಗುತ್ತೆ, ಪರವಾಗಿಲ್ಲ. ಪಿನ್ ತುದಿ ಬೋರಿನಿಂದ 0.2 ಮಿಮೀ ಹಿಂದೆ ನಿಲ್ಲಲಿ, ಲಾಕ್‌ಟೈಟ್ 620 ಅಂಟು ಹಚ್ಚಿ ಕೂರಿಸಿ, ಬಿಸಿ ತಡೆಯುವ ಗ್ರೇಡ್ ಅದು. ಬೋರಿನೊಳಗೆ ಟ್ಯಾಪ್ ಎಬ್ಬಿಸಿದ ಮುಳ್ಳನ್ನು ಪಿನ್ ಹಾಕುವ ಮೊದಲೇ 12 ಮಿಮೀ ರೀಮರ್ ಕೈಯಲ್ಲಿ ತಿರುಗಿಸಿ ತೆಗೆಯಿರಿ. ರೀಮರ್ ಹಿಮ್ಮುಖ ತಿರುಗಿಸಬೇಡಿ.

ಪೋರ್ಟಿಗೆ: ಸಿಲಿಂಡರಿನ 4 ಮಿಮೀ ತೂತು ಹಾಗೇ ಇರಲಿ. ಬ್ಲಾಕಿನ ಎರಡನ್ನು ಮಾತ್ರ 5 ಮಿಮೀಗೆ ಹಿಗ್ಗಿಸಿ, ಹಿತ್ತಾಳೆ ಬೆಣೆ 620 ಹಚ್ಚಿ ತುಂಬಿ, ಸಮ ಮಾಡಿ, 3 ಮಿಮೀ ಡ್ರಿಲ್ ಬಿಡಿ. 1.5 ಮತ್ತು 2 ಸೇರಿದರೆ 3.5, ಅಂತರ 3.62. 0.12 ಮುಚ್ಚಿಗೆ ಸಿಗುತ್ತೆ.

ಕರಾವಳಿ_ಟರ್ನರ್

ಇದಕ್ಕೆ ಒಂದು ಸೇರಿಸಿ. ಪಿವಟ್ ಸುತ್ತ 12 ಮಿಮೀ ವ್ಯಾಸಕ್ಕೆ ಫೇಸನ್ನು 0.2 ಮಿಮೀ ತಗ್ಗು ಮಾಡಿ, ಅದೇ ಹಿಡಿತದಲ್ಲಿ ಆಗ್ತದೆ. ಒತ್ತಡ ಪೋರ್ಟ್ ಕಡೆಗೂ ಕೆಳಗಿನ ಅಂಚಿಗೂ ಹಂಚಿ ಹೋಗ್ತದೆ, ನಡುವೆ ಉಬ್ಬಿ ತೂಗಾಡುವ ಪ್ರಶ್ನೆ ಇಲ್ಲ. ತಗ್ಗು ಪೋರ್ಟ್ ತೂತಿನ ತನಕ ಮಾತ್ರ ಹೋಗಬಾರದು.

ಗುಜರಿಪ್ರಿಯ

ಬಾಯ್ಲರಿಗೆ ಪ್ರೆಶರ್ ಕುಕ್ಕರ್ ಸಾಕಲ್ವಾ? ಹೇಗೂ 1 ಬಾರ್ ಬರುತ್ತೆ. ಸೀಟಿ ತೆಗೆದು ಆ ಕೊಳವೆಗೆ ಪೈಪ್ ಹಾಕಿದ್ರೆ ಆಯ್ತು.

ಶಿವಮೊಗ್ಗ_ಟೂಲ್‌ಪೋಸ್ಟ್

ದಯವಿಟ್ಟು ಯಾರೂ ಹಾಗೆ ಮಾಡಬೇಡಿ. ಆ ಸೀಟಿಯ ತೂಕವೇ ಒತ್ತಡವನ್ನು ಸುಮಾರು 1 ಬಾರ್‌ಗೆ ಹಿಡಿದಿಡೋದು. ಅದನ್ನು ತೆಗೆದು ಪೈಪ್ ಹಾಕಿ ತುದಿಗೆ ವಾಲ್ವ್ ಮುಚ್ಚಿದರೆ, ಅಥವಾ ಎಂಜಿನ್ ಡೆಡ್ ಸೆಂಟರ್‌ನಲ್ಲಿ ನಿಂತರೆ, ಉಗಿಗೆ ದಾರಿಯೇ ಇಲ್ಲ. ಉಳಿಯೋದು ಮುಚ್ಚಳದ ಕರಗುವ ಸೇಫ್ಟಿ ಪ್ಲಗ್ ಒಂದೇ. ಅದು ಕೊನೆಯ ರಕ್ಷಣೆ, ದಿನಾ ಕೆಲಸ ಮಾಡೋಕೆ ಇರೋದಲ್ಲ. ಮುಚ್ಚಳಕ್ಕೆ ಹೊಸ ತೂತು ಕೊರೆಯೋದೂ ಬೇಡ, ತೆಳು ಅಲ್ಯೂಮಿನಿಯಂನಲ್ಲಿ ಎಳೆ ನಿಲ್ಲಲ್ಲ.

ಕಾನೂನಿನಲ್ಲಿ 25 ಲೀಟರ್‌ಗಿಂತ ಕಡಿಮೆ ಇರುವುದು ಬಾಯ್ಲರ್ ವ್ಯಾಖ್ಯೆಗೆ ಬರಲ್ಲ. ಹಾಗಂದರೆ ಪರೀಕ್ಷಿಸೋಕೆ ಯಾರೂ ಬರಲ್ಲ, ಎಲ್ಲಾ ನಮ್ಮ ಹೊಣೆ. ತಾಮ್ರದ ಕೊಳವೆ, 76 ಮಿಮೀ ವ್ಯಾಸ, 1.6 ದಪ್ಪ. 3 ಬಾರ್‌ನಲ್ಲಿ ಗೋಡೆಯ ಮೇಲೆ ಬೀಳುವ ಒತ್ತಡ ಚದರ ಮಿಮೀಗೆ 7 ನ್ಯೂಟನ್ ಆಸುಪಾಸು, ತಾಮ್ರ ಆರಾಮಾಗಿ ತಡೆಯುತ್ತೆ. ಬುಷ್‌ಗಳು (ವಾಲ್ವ್, ಪೈಪ್ ಕೂರಿಸುವ ಎಳೆಯ ಉಂಗುರಗಳು) ಕಂಚಿನವು. ಹಿತ್ತಾಳೆ ಬೇಡ, ಬಿಸಿನೀರು ಅದರ ಸತುವನ್ನು ತಿಂದು ಪೊಳ್ಳು ಮಾಡುತ್ತೆ.

ದಾವಣಗೆರೆ_ಡೈ

ಜಾಯಿಂಟಿಗೆ ಎಲೆಕ್ಟ್ರಾನಿಕ್ಸ್ ಸೋಲ್ಡರ್ ಆಗಲ್ವಾ? 3 ಬಾರ್ ಉಗಿ 144 ಡಿಗ್ರಿ ಅಷ್ಟೇ, ಸೋಲ್ಡರ್ ಕರಗೋದು 183ಕ್ಕೆ.

ಕರಾವಳಿ_ಟರ್ನರ್

ನೀರು ಇರುವ ತನಕ ಸರಿ. ನೀರು ಮುಗಿದ ಮೇಲೆ ಒಲೆ ಉರಿಯುತ್ತಲೇ ಇದ್ದರೆ 183 ಎಷ್ಟು ಹೊತ್ತಿಗೆ ದಾಟ್ತದೆ? ಅಲ್ಲದೆ ಕರಗುವ ಎಷ್ಟೋ ಮುಂಚೆಯೇ ಅದರ ಶಕ್ತಿ ಹೋಗಿರ್ತದೆ. ಬೆಳ್ಳಿ ಬೆಸುಗೆಯೇ ಆಗಬೇಕು, 45 ಶೇಕಡಾ ಬೆಳ್ಳಿ ಇರುವ ಕಡ್ಡಿ, ಹರಿಯುವುದು 650ರಿಂದ 680 ಡಿಗ್ರಿಯಲ್ಲಿ. ಕ್ಯಾಡ್ಮಿಯಂ ಇಲ್ಲದ್ದು ಅಂತ ಅಂಗಡಿಯಲ್ಲಿ ಕೇಳಿಯೇ ತಗೊಳ್ಳಿ, ಅದರ ಹೊಗೆ ವಿಷ. ಅಕ್ಕಸಾಲಿಗರು ಬಳಸುವ ಬಿಳಿಗಾರ ಅಷ್ಟು ಕಡಿಮೆ ಬಿಸಿಗೆ ಸರಿಯಾಗಿ ಕರಗುವುದಿಲ್ಲ, ಕಡ್ಡಿಯ ಜೊತೆಗೆ ಕೊಡುವ ಫ್ಲಕ್ಸನ್ನೇ ಹಾಕಿ. ಸಂದು 0.05ರಿಂದ 0.1 ಮಿಮೀ.

ಉಗಿಬಂಡಿ_ಬೆಂ

ಪಿವಟ್ ಹೊಸದು, ಫೇಸಿಗೆ ತಗ್ಗು, ಬ್ಲಾಕಿನ ಪೋರ್ಟ್ 3 ಮಿಮೀ, ಸ್ಪ್ರಿಂಗ್ 620 ಗ್ರಾಂ. ಮಾರ್ಕರ್ ಎರಡೂ ಪೋರ್ಟ್ ಸುತ್ತ ಪೂರ್ತಿ ಅಳಿಸುತ್ತೆ. ಈಗ 0.4 ಬಾರ್‌ನಲ್ಲಿ ನಿಲ್ಲದೆ ಓಡ್ತಿದೆ, ಕಂಪ್ರೆಸರ್ ಮೋಟಾರ್ ಬಹುಪಾಲು ಹೊತ್ತು ಸುಮ್ಮನಿರುತ್ತೆ. ಎಲ್ಲರಿಗೂ ಧನ್ಯವಾದ.

ಇನ್ನೊಂದು ಪ್ರಶ್ನೆ: ಗಾಳಿಗೆ ಹೊಲಿಗೆ ಯಂತ್ರದ ಎಣ್ಣೆ ಹಾಕ್ತಿದ್ದೇನೆ. ಉಗಿಗೂ ಅದೇ ಸಾಕಾ?

ಪೀಣ್ಯ_ಫಿಟ್ಟರ್

0.4! ಚೆನ್ನಾಗಿದೆ ಸರ್. ಇನ್ನೂ ಇಳಿಸಬಹುದು, ಒಂದೆರಡು ಗಂಟೆ ಓಡಿ ಫೇಸ್ ಹೊಂದಿಕೊಂಡ ಮೇಲೆ ನೋಡಿ.

ಬೆಳಗಾವಿ_ಬೀಡು

ಉಗಿಗೆ ಅದು ನಡಿಯೂದಿಲ್ರಿ. ತೆಳು ಎಣ್ಣಿ ಬಿಸಿಗೆ ನೀರಾಗಿ ಎಕ್ಸಾಸ್ಟಿಂದ ಹೊಂಟ್ ಹೋಗ್ತೈತಿ, ಫೇಸ್ ಒಣಗಿ ಗೀರು ಬೀಳತೈತಿ. ಸ್ಟೀಮ್ ಸಿಲಿಂಡರ್ ಎಣ್ಣಿ ಅಂತನ ಕೇಳ್ರಿ, 460 ಗ್ರೇಡ್. ಹಸಿ ಉಗಿಯೊಳಗೂ ಲೋಹಕ್ಕ ಅಂಟಿ ನಿಲ್ಲೂ ಹಂಗ ಅದಕ್ಕ ಕೊಬ್ಬು ಬೆರಸಿರ್ತಾರ. ಉಗಿ ಪೈಪಿಗೆ ಒಂದು ಡಿಸ್‌ಪ್ಲೇಸ್‌ಮೆಂಟ್ ಲುಬ್ರಿಕೇಟರ್ ಕೂಡಿಸ್ರಿ: 10 ಮಿಮೀ ಒಳವ್ಯಾಸದ ಸಣ್ಣ ಬಟ್ಟಲು, ಪೈಪಿಗೆ 0.5 ಮಿಮೀ ತೂತು. ಉಗಿ ಒಳಗ ಹೋಗಿ ನೀರಾಗಿ ತಳಕ್ಕ ಇಳಿತೈತಿ, ಅಷ್ಟ ಎಣ್ಣಿ ಮ್ಯಾಲೆದ್ದು ಪೈಪಿಗೆ ಹೋಗ್ತೈತಿ. ತಳದಾಗ ನೀರು ಬಿಡಾಕ ಒಂದು ಸ್ಕ್ರೂ ಇರ್ಲಿ. ಒತ್ತಡ ಪೂರ್ತಿ ಇಳದ ಮ್ಯಾಲನ ಅದನ್ನ ಬಿಚ್ಚಬೇಕು.

ಶಿವಮೊಗ್ಗ_ಟೂಲ್‌ಪೋಸ್ಟ್

ಬಾಯ್ಲರ್ ಆದ ಮೇಲೆ ಉಗಿ ಏರಿಸುವ ಮುಂಚೆ ಹೈಡ್ರಾಲಿಕ್ ಪರೀಕ್ಷೆ ಮಾಡಿ. ಗಾಳಿ ಗುಳ್ಳೆ ಒಂದೂ ಉಳಿಯದಂತೆ ನೀರು ತುಂಬಿ, ಕೈಪಂಪಿನಲ್ಲಿ ಕೆಲಸದ ಒತ್ತಡದ ಎರಡರಷ್ಟು, ಅಂದರೆ 3 ಬಾರ್ ಬಾಯ್ಲರಿಗೆ 6 ಬಾರ್ ಏರಿಸಿ ಅರ್ಧ ಗಂಟೆ ಬಿಡಿ. ಗೇಜ್ ಇಳಿಯಬಾರದು, ತುದಿ ತಟ್ಟೆಗಳು ಉಬ್ಬಬಾರದು. ಕಂಪ್ರೆಸರ್ ಗಾಳಿಯಲ್ಲಿ ಈ ಪರೀಕ್ಷೆ ಖಂಡಿತ ಬೇಡ. ಜಾಯಿಂಟ್ ಬಿಟ್ಟರೆ ನೀರು ಬರೀ ಜಿನುಗುತ್ತೆ, ಗಾಳಿಯಾದರೆ ತುಂಡು ಹಾರುತ್ತೆ.